ತೋಟದಂಚಿನ ಪುಟ್ಟ ನೆಲಗಪ್ಪೆ ಹೊಸ ಪ್ರಭೇದವೇ?

ಓದುಗರ ಪ್ರಶ್ನೆ: ಸಕಲೇಶಪುರದ ಘಟ್ಟದಂಚಿನಲ್ಲಿ ನಮ್ಮದು ಕಾಫಿ, ಏಲಕ್ಕಿ ತೋಟ. ತೋಟದ ಮೇಲ್ಭಾಗದ ಕಾಡಿನಿಂದ ಇಳಿದುಬರುವ ಹಳ್ಳದ ಬದಿಯ ತರಗೆಲೆಗಳಲ್ಲಿ ಕಳೆದೆರಡು ಮಳೆಗಾಲಗಳಿಂದ ಒಂದು ಪುಟ್ಟ ನೆಲಗಪ್ಪೆಯನ್ನು ನೋಡುತ್ತಿದ್ದೇನೆ. ಪಕ್ಕದಲ್ಲಿ ಸ್ಕೇಲ್ ಇಟ್ಟರೆ ಎರಡೂ ವರ್ಷ ಎರಡೂವರೆ ಸೆಂಟಿಮೀಟರೇ ಬಂದಿದೆ. ಬೆನ್ನು ಇಟ್ಟಿಗೆ ಬಣ್ಣ, ಪಕ್ಕೆಯಲ್ಲಿ ಕೆಂಪು ಚುಕ್ಕೆ. ಅಂಗಳಕ್ಕೆ ಬರುವ ದೊಡ್ಡ ನೆಲಗಪ್ಪೆಯ ತಲೆಯ ಮೇಲಿರುವಂಥ ಕಪ್ಪು ಏಣುಗಳು ಇದಕ್ಕಿಲ್ಲ. ಮೊಬೈಲಿನ ಆ್ಯಪ್ ‘ನೆಲಗಪ್ಪೆಗಳ ಕುಟುಂಬ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಪ್ರಾಣಿಶಾಸ್ತ್ರ ಓದಿದ ಗೆಳೆಯನೊಬ್ಬ ‘ಇದು ಹೊಸ ಪ್ರಭೇದವೇ ಸರಿ, ಒಂದನ್ನು ಸ್ಪಿರಿಟ್‌ನಲ್ಲಿ ಹಾಕಿಡು, ಹೆಸರನ್ನೂ ನೀನೇ ಇಡಬಹುದು’ ಎನ್ನುತ್ತಾನೆ. ನನಗೆ ಅಜ್ಜಿಯ ಹೆಸರಿಡುವ ಆಸೆ. ಆದರೆ ನಮ್ಮ ತಂದೆಯವರು ‘ಹೊಸ ಕಪ್ಪೆ ಸಿಕ್ಕಿತೆಂದು ಸುದ್ದಿಯಾದರೆ ತೋಟಕ್ಕೇ ಸಂಚಕಾರ’ ಎಂದು ಹೆದರುತ್ತಾರೆ. ಹನ್ನೊಂದು ಫೋಟೊ ಕಳಿಸಿದ್ದೇನೆ. ಇದು ಹೊಸದೇ? ನಾನು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಅಪರೂಪದ್ದೊಂದು ಕೈತಪ್ಪಿ ಹೋದೀತು ಎಂಬುದು ನಿಮ್ಮದು, ಅದು ಕೈಗೆ ಸಿಕ್ಕಿದರೆ ತೊಂದರೆಯಾದೀತು ಎಂಬುದು ತಂದೆಯವರದು. ಎರಡಕ್ಕೂ ಉತ್ತರಿಸುತ್ತೇನೆ. ಮೊದಲಿಗೆ ಒಂದು ಮಾತನ್ನು ನೇರವಾಗಿ ಹೇಳಿಬಿಡಬೇಕು: ನೀವು ಕಳಿಸಿದ ಹನ್ನೊಂದು ಫೋಟೊಗಳನ್ನು ನೋಡಿ ಇದು ಹೊಸದು ಎಂದಾಗಲಿ, ಹಳೆಯದು ಎಂದಾಗಲಿ ಹೇಳಲು ಬರುವುದಿಲ್ಲ. ಫೋಟೊಗಳು ಚೆನ್ನಾಗಿಯೇ ಇವೆ, ಆದರೆ ಹನ್ನೊಂದನ್ನೂ ಮೇಲಿನಿಂದಲೇ ತೆಗೆದಿದ್ದೀರಿ. ನೆಲಗಪ್ಪೆಯ ಗುರುತು ಹಿಡಿಯಲು ಬೇಕಾದ ಸಂಗತಿಗಳಲ್ಲಿ ಹೆಚ್ಚಿನವು ಅದರ ಹೊಟ್ಟೆಯ ಮೇಲೆ, ಅಂಗೈ ಅಂಗಾಲುಗಳಲ್ಲಿ ಮತ್ತು ಕಣ್ಣಿನ ಹಿಂಭಾಗದಲ್ಲಿ ಇರುತ್ತವೆ.

ಇದು ಹೊಸದೇ ಎಂದು ಕೇಳುವ ಮುನ್ನ ಇದು ಬೆಳೆದ ಕಪ್ಪೆಯೇ ಎಂದು ಕೇಳಿಕೊಳ್ಳಬೇಕು. ನನ್ನ ಬಳಿಗೆ ಬರುವ ‘ಪುಟ್ಟ ಹೊಸ ನೆಲಗಪ್ಪೆ’ಗಳಲ್ಲಿ ಬಹುಪಾಲು ಅಂಗಳದ ಸಾಮಾನ್ಯ ನೆಲಗಪ್ಪೆಯ, ಅಂದರೆ ಡಟ್ಟಾಫ್ರೈನಸ್ ಮೆಲನೋಸ್ಟಿಕ್ಟಸ್‌ನ ಮರಿಗಳೇ ಆಗಿರುತ್ತವೆ. ಗೊದಮೊಟ್ಟೆ ಬಾಲ ಕಳೆದುಕೊಂಡು ನೆಲಕ್ಕೆ ಬಂದಾಗ ಆ ಮರಿ ಸುಮಾರು ಒಂದು ಸೆಂಟಿಮೀಟರ್ ಇರುತ್ತದೆ, ಅಂಗೈ ತುಂಬುವಷ್ಟಾಗಲು ಅದಕ್ಕೆ ಬಹಳ ಕಾಲ ಬೇಕು. ನೀವು ಇಲ್ಲವೆಂದು ಗುರುತಿಸಿದ ತಲೆಯ ಕಪ್ಪು ಏಣುಗಳು ಕಪ್ಪೆ ಬೆಳೆದಂತೆಲ್ಲ ಮೂಡುವಂಥವು, ಆದ್ದರಿಂದ ಎರಡೂವರೆ ಸೆಂಟಿಮೀಟರಿನ ಮರಿಯಲ್ಲಿ ಅವು ಎದ್ದು ಕಾಣದಿರುವುದು ಸಹಜ. ಕಿವಿತಮಟೆಯೂ ಮರಿಗಳಲ್ಲಿ ಸ್ಪಷ್ಟವಾಗಿರುವುದಿಲ್ಲ. ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಇಂಥದೇ ‘ಏಣಿಲ್ಲದ’ ನೆಲಗಪ್ಪೆಗಳನ್ನು ಅಳೆದು ಒಂದು ಮಳೆಗಾಲವನ್ನು ನಾನೂ ಕಳೆದಿದ್ದೇನೆ. ಅವೆಲ್ಲ ಮರಿಗಳೆಂದು ತಿಳಿದದ್ದು, ಸ್ವಲ್ಪ ದೊಡ್ಡದೊಂದರ ತಲೆಯಲ್ಲಿ ಏಣು ಅರ್ಧ ಮೂಡಿದ್ದನ್ನು ಕಂಡಾಗ. ಆಗ ತಯಾರಿಸಿದ ಕೋಷ್ಟಕ ಇಂದಿಗೂ ನನ್ನಲ್ಲಿದೆ, ಯಾರಿಗೂ ತೋರಿಸಿಲ್ಲ.

ಬೆಳೆದ ಕಪ್ಪೆ ಎನ್ನಲು ಗಾತ್ರ ಸಾಕ್ಷಿಯಾಗುವುದಿಲ್ಲ, ನಡವಳಿಕೆ ಮತ್ತು ದೇಹದ ಕೆಲವು ಗುರುತುಗಳು ಸಾಕ್ಷಿಯಾಗುತ್ತವೆ. ಎರಡೂವರೆ ಸೆಂಟಿಮೀಟರಿನ ನೆಲಗಪ್ಪೆಯೊಂದು ಗಂಟಲು ಉಬ್ಬಿಸಿ ಕೂಗುತ್ತಿದ್ದರೆ ಅದು ಬೆಳೆದ ಗಂಡು, ಅದರಲ್ಲಿ ಅನುಮಾನವಿಲ್ಲ. ಗಂಡಿನ ಮುಂಗಾಲಿನ ಮೊದಲ ಬೆರಳ ಬುಡದಲ್ಲಿ, ಹೆಣ್ಣನ್ನು ತಬ್ಬಿ ಹಿಡಿಯಲು ನೆರವಾಗುವ ಕಪ್ಪನೆಯ ಒರಟು ಚರ್ಮವೂ ಸಂತಾನದ ಕಾಲದಲ್ಲಿ ಕಾಣುತ್ತದೆ. ಹೆಣ್ಣಿನ ಹೊಟ್ಟೆಯ ತೆಳು ಚರ್ಮದೊಳಗಿಂದ ಮೊಟ್ಟೆಗಳು ಕಾಣುತ್ತಿದ್ದರೆ, ಅಥವಾ ಜೋಡಿಯೊಂದು ತಬ್ಬಿಕೊಂಡಿದ್ದರೆ ಇನ್ನೂ ಒಳ್ಳೆಯದು. ಎರಡು ಮಳೆಗಾಲ ನೋಡಿದ್ದೀರಿ, ಎರಡರಲ್ಲೂ ಅದೇ ಗಾತ್ರ ಎಂದಿದ್ದೀರಿ. ಇದು ಗಮನಿಸಬೇಕಾದ ಮಾತು, ಆದರೆ ಮರಿಗಳು ವರ್ಷಕ್ಕೊಮ್ಮೆ ಹೊಸದಾಗಿ ಬರುತ್ತವಾದ್ದರಿಂದ ಅದೊಂದರಿಂದಲೇ ಏನೂ ಸಿದ್ಧವಾಗುವುದಿಲ್ಲ. ಅದು ಕೂಗಿದ್ದನ್ನು ಕೇಳಿದ್ದೀರಾ ಎಂಬುದನ್ನು ನೀವು ಬರೆದಿಲ್ಲ.

ಇನ್ನು ಬಣ್ಣ. ಬಣ್ಣ ಬೇರೆಯಾದರೆ ಪ್ರಭೇದ ಬೇರೆ ಎಂಬ ನಂಬಿಕೆ ಓದಿದವರಲ್ಲಿಯೂ ಇದೆ. ಒಂದೇ ಹಳ್ಳದ ನೆಲಗಪ್ಪೆಗಳು ಮಣ್ಣಿನ, ತೇವದ, ವಯಸ್ಸಿನ, ಋತುವಿನ ಪ್ರಕಾರ ಬೂದು, ಕಂದು, ಇಟ್ಟಿಗೆ ಬಣ್ಣಗಳಲ್ಲಿ ಸಿಗುತ್ತವೆ. ಸಾಮಾನ್ಯ ನೆಲಗಪ್ಪೆಯ ಮರಿಗಳಲ್ಲಿಯೂ ಕೆಂಪು ಛಾಯೆಯವು ಇರುತ್ತವೆ. ಮೇಲಾಗಿ ಹೋಲಿಕೆಗೆಂದು ಸಂಗ್ರಹಾಲಯಗಳಲ್ಲಿ ಇಟ್ಟಿರುವ ಹಳೆಯ ಮಾದರಿಗಳು ನೂರೈವತ್ತು ವರ್ಷ ಆಲ್ಕೋಹಾಲಿನಲ್ಲಿ ನೆನೆದು ಮಾಸಲು ಕಂದಾಗಿರುತ್ತವೆ, ಅವುಗಳ ಎದುರಿಗೆ ನಿಮ್ಮ ಕಪ್ಪೆಯ ಕೆಂಪು ಚುಕ್ಕೆಯನ್ನು ಹಿಡಿದು ಪ್ರಯೋಜನವಿಲ್ಲ. ಹಾಗೆಂದು ಬಣ್ಣ ಪೂರ್ತಿ ನಿರರ್ಥಕವೂ ಅಲ್ಲ. ಬೆಳಗಾವಿಯಿಂದ ದೂರವಿಲ್ಲದ ಆಂಬೋಲಿಯಲ್ಲಿ ಮೈಮೇಲೆ ಹುಲಿಪಟ್ಟೆಯಂಥ ಗುರುತಿರುವ ನೆಲಗಪ್ಪೆಗೆ 2009ರಲ್ಲಿ ಕ್ಸಾಂಥೋಫ್ರೈನ್ ಟೈಗೆರಿನಾ ಎಂಬ ಹೆಸರು ಬಂತು. ಅದರ ಹತ್ತಿರದ ಸಂಬಂಧಿ, ಕೊಯ್ನಾ ಪ್ರದೇಶದಿಂದ 1963ರಲ್ಲಿ ವರ್ಣಿಸಲಾದ ನೆಲಗಪ್ಪೆ. ಅಲ್ಲಿ ಪಟ್ಟೆ ಕುತೂಹಲ ಕೆರಳಿಸಿತೇ ಹೊರತು ತೀರ್ಮಾನಕ್ಕೆ ಆಧಾರವಾದದ್ದು ದೇಹರಚನೆ ಮತ್ತು ಡಿಎನ್‌ಎ.

ಆ್ಯಪ್ ಹೆಸರು ಹೇಳದೆ ಹೋದದ್ದಕ್ಕೂ ಬಹಳ ಅರ್ಥ ಕಟ್ಟಬೇಕಿಲ್ಲ. ಅದಕ್ಕೆ ಕಲಿಸಿದ ಫೋಟೊಗಳಲ್ಲಿ ಪಶ್ಚಿಮಘಟ್ಟದ ಅಪರೂಪದ ನೆಲಗಪ್ಪೆಗಳವು ತೀರಾ ಕಡಿಮೆ, ಹಾಗಾಗಿ ಅದು ಜಾಣತನದಿಂದ ಕುಟುಂಬದ ಹೆಸರಿಗೆ ನಿಂತಿದೆ. ತಪ್ಪು ಹೆಸರನ್ನು ಧೈರ್ಯವಾಗಿ ಹೇಳುವುದಕ್ಕಿಂತ ಇದು ಮೇಲು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಂದು ಕಪ್ಪೆ ‘ಹೊಸದು’ ಎನ್ನುವ ಮಾತು ಆ ಕಪ್ಪೆಯೊಂದರ ಬಗ್ಗೆ ಆಡಿದ ಮಾತಲ್ಲ, ಈಗಾಗಲೇ ಹೆಸರು ಪಡೆದ ಅದರ ಎಲ್ಲ ಬಂಧುಗಳ ಬಗ್ಗೆ ಆಡಿದ ಮಾತು. ಇದು ಅವುಗಳಲ್ಲಿ ಯಾವುದೂ ಅಲ್ಲ ಎಂದು ಒಂದೊಂದನ್ನೇ ಪಕ್ಕಕ್ಕಿಟ್ಟು ತೋರಿಸಬೇಕು. ನಿಮ್ಮ ಹಳ್ಳದ ಮಟ್ಟಿಗೆ ಆ ಸರದಿಯಲ್ಲಿ ನಿಲ್ಲುವವು ಯಾರು ಯಾರು ಎಂದು ನೋಡೋಣ. ಸಾಮಾನ್ಯ ನೆಲಗಪ್ಪೆಯ ಮರಿಯ ವಿಷಯ ಹೇಳಿಯಾಯಿತು. ಎರಡನೆಯದು ಗಾಟೋಫ್ರೈನ್ ಕುಲದ ತೊರೆಯ ನೆಲಗಪ್ಪೆ. ಕೊಡಗಿನ ಬ್ರಹ್ಮಗಿರಿಯಿಂದ ಬಂದ ಮಾದರಿಗಳನ್ನು ನೋಡಿ 1876ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ಗುಂಥರ್ ಇದನ್ನು ಆನ್ಸೋನಿಯಾ ಆರ್ನೇಟಾ ಎಂದು ಕರೆದರು. ಆನ್ಸೋನಿಯಾ ಆಗ್ನೇಯ ಏಷ್ಯಾದ ಕುಲ, ನಮ್ಮ ಘಟ್ಟದ ಕಪ್ಪೆ ಅದಕ್ಕೆ ಸೇರಿದ್ದಲ್ಲ ಎಂದು ತಿಳಿದು 2009ರಲ್ಲಿ ಗಾಟೋಫ್ರೈನ್ ಎಂಬ ಪ್ರತ್ಯೇಕ ಕುಲವನ್ನೇ ಮಾಡಲಾಯಿತು. ಘಟ್ಟ ಎಂಬ ನಮ್ಮ ಮಾತೇ ಆ ಹೆಸರಿನಲ್ಲಿದೆ. ಇದು ಚಿಕ್ಕ ಕಪ್ಪೆ, ಹರಿಯುವ ತೊರೆಯ ಬದಿಯ ಕಲ್ಲುಗಳಲ್ಲಿ ವಾಸ, ಕಣ್ಣಿನ ಹಿಂದೆ ಉಬ್ಬಿದ ವಿಷಗ್ರಂಥಿಯಿಲ್ಲ, ಕಪ್ಪು ಹೊಟ್ಟೆಯ ಮೇಲೆ ಕಣ್ಸೆಳೆಯುವ ಬಣ್ಣದ ಮಚ್ಚೆಗಳಿರುತ್ತವೆ. ಹೊಟ್ಟೆಯ ಫೋಟೊ ಇಲ್ಲದ್ದರಿಂದ ಎಂಥ ತೊಡಕಾಯಿತು ಎಂದು ನಿಮಗೆ ಈಗ ಅರ್ಥವಾದೀತು. ಮೂರನೆಯದು ಪೆಡೋಸ್ಟಿಬಿಸ್ ಟ್ಯೂಬರ್‌ಕುಲೋಸಸ್, ಮರವೇರುವ ನೆಲಗಪ್ಪೆ. ಅದರ ಬೆರಳ ತುದಿಗಳು ಅಗಲವಾಗಿ ಚಪ್ಪಟೆಯಾಗಿರುತ್ತವೆ, ಅದೊಂದನ್ನು ನೋಡಿದರೆ ಸಾಕು.

ನಾಲ್ಕನೆಯದು ನಿಮ್ಮ ಊರಿಗೇ ಸಂಬಂಧಪಟ್ಟದ್ದು, ನಿಮ್ಮ ಪತ್ರವನ್ನು ನಾನು ಎರಡು ಸಲ ಓದಲು ಕಾರಣವಾದದ್ದೂ ಅದೇ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣರಾವ್ ಅವರು 1937ರಲ್ಲಿ ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ಒಂದೇ ಲೇಖನದಲ್ಲಿ ವರ್ಣಿಸಿದರು. ಅವುಗಳಲ್ಲಿ ಹಾಸನ ಜಿಲ್ಲೆಯ ಘಟ್ಟದ ಕೆಂಪುಹೊಳೆಯಿಂದ ಬಂದ ಒಂದು ನೆಲಗಪ್ಪೆಯೂ ಇತ್ತು. ಗಿಡ್ಡ ಮೂತಿಯದು ಎಂಬ ಅರ್ಥದಲ್ಲಿ ಅದಕ್ಕೆ ಬ್ಯೂಫೋ ಬ್ರೆವಿರೋಸ್ಟ್ರಿಸ್ ಎಂದು ಹೆಸರಿಟ್ಟರು, ಈಗ ಅದು ಡಟ್ಟಾಫ್ರೈನಸ್ ಬ್ರೆವಿರೋಸ್ಟ್ರಿಸ್. ದುರದೃಷ್ಟವೆಂದರೆ ರಾವ್ ಅವರು ಆಧಾರವಾಗಿಟ್ಟುಕೊಂಡಿದ್ದ ಮಾದರಿಗಳು ಕಳೆದುಹೋಗಿವೆ. ಹೆಸರಿದೆ, ಮುದ್ರಿತ ವರ್ಣನೆಯಿದೆ, ಪಕ್ಕದಲ್ಲಿಟ್ಟು ನೋಡಲು ಕಪ್ಪೆಯಿಲ್ಲ. ಹೀಗಾಗಿ ಸಕಲೇಶಪುರ ಸೀಮೆಯಲ್ಲಿ ಸಿಗುವ ಯಾವುದೇ ಗುರುತು ಹತ್ತದ ನೆಲಗಪ್ಪೆಯನ್ನು ಹೊಸದೆನ್ನುವ ಮುನ್ನ, ಇದು ರಾವ್ ಅವರು ಕಂಡ ಕಪ್ಪೆಯೇ ಇರಬಹುದೇ ಎಂಬ ಪ್ರಶ್ನೆಯನ್ನು ಎದುರಿಸಲೇಬೇಕು. ಹೌದೆಂದು ಉತ್ತರ ಬಂದರೆ ನಿಮಗೆ ಹೊಸ ಪ್ರಭೇದ ದಕ್ಕುವುದಿಲ್ಲ. ನನ್ನನ್ನು ಕೇಳಿದರೆ, ಹಾಗೆ ಸಿಕ್ಕ ಹಳೆಯ ಕಪ್ಪೆ ಹೊಸದಕ್ಕಿಂತ ದೊಡ್ಡ ಸುದ್ದಿ.

ಹೋಲಿಸುವುದೆಂದರೆ ಏನನ್ನು ಹೋಲಿಸುತ್ತಾರೆ ಎಂದು ನೀವು ಕೇಳಬಹುದು. ಮೂತಿಯ ತುದಿಯಿಂದ ಗುದದವರೆಗಿನ ಉದ್ದ, ತಲೆಯ ಅಗಲ, ಕಿವಿತಮಟೆಯ ವ್ಯಾಸ, ವಿಷಗ್ರಂಥಿಯ ಆಕಾರ, ತೊಡೆ ಮತ್ತು ಕಣಕಾಲಿನ ಅಳತೆ, ಹಿಂಗಾಲ ಬೆರಳುಗಳ ನಡುವಣ ಜಾಲ ಎಲ್ಲಿಯವರೆಗೆ ಹಬ್ಬಿದೆ, ಅಂಗಾಲಿನ ಗಂಟುಗಳು ಹೇಗಿವೆ, ಇವೆಲ್ಲವನ್ನೂ ಹಲವು ಗಂಡು ಹೆಣ್ಣುಗಳಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗದವರೆಗೆ ಅಳೆಯುತ್ತಾರೆ. ಒಂದೇ ಕಪ್ಪೆಯನ್ನು ಅಳೆದರೆ ಸಾಲದು, ಏಕೆಂದರೆ ಆ ಪ್ರಭೇದದೊಳಗಿನ ವ್ಯತ್ಯಾಸ ಎಷ್ಟೆಂಬುದು ಅದರಿಂದ ತಿಳಿಯುವುದಿಲ್ಲ. ಕೂಗನ್ನು ಧ್ವನಿಮುದ್ರಿಸಿ ಅದರ ಆವರ್ತನ ಮತ್ತು ಲಯವನ್ನು ಅಳೆಯುತ್ತಾರೆ, ಆಗಿನ ಉಷ್ಣಾಂಶವನ್ನೂ ಬರೆದಿಡುತ್ತಾರೆ, ಏಕೆಂದರೆ ಚಳಿಯಿದ್ದರೆ ಕಪ್ಪೆಯ ಕೂಗು ನಿಧಾನವಾಗುತ್ತದೆ. ನಂತರ ಡಿಎನ್‌ಎ. ಕಪ್ಪೆಗಳಲ್ಲಿ ಸಾಮಾನ್ಯವಾಗಿ ಜೀವಕೋಶದೊಳಗಿನ ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ 16ಎಸ್ ಎಂಬ ಭಾಗವನ್ನು ಓದುತ್ತಾರೆ, ಅದರಲ್ಲಿ ಸುಮಾರು 3 ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಅನುಮಾನಿಸಬೇಕು ಎಂಬ ರೂಢಿಯಿದೆ. ರೂಢಿ ಅಷ್ಟೇ, ಅದು ನಿಯಮವಲ್ಲ. ಮೈಟೊಕಾಂಡ್ರಿಯಾ ತಾಯಿಯ ಕಡೆಯಿಂದ ಮಾತ್ರ ಬರುವುದರಿಂದ ಅದು ವಂಶದ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಆದ್ದರಿಂದ ಕೋಶಕೇಂದ್ರದ ವಂಶವಾಹಿಗಳನ್ನೂ ನೋಡುತ್ತಾರೆ, ಆಕಾರ, ಕೂಗು, ಡಿಎನ್‌ಎ ಮೂರೂ ಒಂದೇ ದಿಕ್ಕಿಗೆ ಬೆರಳು ಮಾಡಿದಾಗ ಧೈರ್ಯವಾಗಿ ಮಾತಾಡುತ್ತಾರೆ.

ಪುಟ್ಟದಾಗಿಯೇ ಬೆಳೆದು ನಿಲ್ಲುವ ನೆಲಗಪ್ಪೆಗಳು ಇಲ್ಲವೆಂದಲ್ಲ. ಅಂಡಮಾನಿನ ಕಾಡಿನಿಂದ 2016ರಲ್ಲಿ ವರ್ಣಿಸಲಾದ ಬ್ಲೈಥೋಫ್ರೈನ್ ಬೆರ್ಯೆಟ್ ಬೆಳೆದ ಮೇಲೂ ಸರಾಸರಿ 24 ಮಿಲಿಮೀಟರ್ ಮಾತ್ರ, ಅಂದರೆ ನಿಮ್ಮ ಕಪ್ಪೆಗಿಂತ ತುಸು ಚಿಕ್ಕದು. ಆದರೆ ಅದು ಹೊಸ ಕುಲವೆಂದು ಒಪ್ಪಿಗೆಯಾದದ್ದು ಚಿಕ್ಕದೆಂಬ ಕಾರಣಕ್ಕಲ್ಲ. ಬೆನ್ನೆಲುಬಿನ ರಚನೆ, ಬೆರಳ ತುದಿಯ ಅಗಲವಾದ ಬಿಲ್ಲೆಗಳು, ಡಿಎನ್‌ಎ ಇವೆಲ್ಲವನ್ನೂ ಮುಂದಿಡಲಾಗಿತ್ತು. ಟಾಂಜಾನಿಯಾದ ಬೆಟ್ಟಗಾಡುಗಳಲ್ಲಿ, ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವ ಪುಟ್ಟ ನೆಲಗಪ್ಪೆಗಳಿವೆ. 1905ರಿಂದ ಒಂದೇ ಹೆಸರಿನಡಿ ಇದ್ದ ಅವುಗಳೊಳಗಿಂದ ಮೂರು ಹೊಸ ಪ್ರಭೇದಗಳನ್ನು 2025ರಲ್ಲಿ ಬೇರ್ಪಡಿಸಿದರು, ಅದಕ್ಕೆ ಸಂಗ್ರಹಾಲಯದ ಹಳೆಯ ಮಾದರಿಗಳಿಂದ ತೆಗೆದ ಡಿಎನ್‌ಎ ನೆರವಾಯಿತು. ಇಂಥದು ನಮ್ಮ ಘಟ್ಟದಲ್ಲಿಯೂ ಆಗಬಾರದೆಂದೇನಿಲ್ಲ. ಚಿಕ್ಕ ಮೈಯ ಕಪ್ಪೆ ಬಿಸಿಲಿನಲ್ಲಿ ಬೇಗ ಒಣಗುತ್ತದೆ, ಒಂದು ಒಣ ಕಣಿವೆಯನ್ನು ದಾಟುವುದೂ ಅದಕ್ಕೆ ಕಷ್ಟ. ಹೀಗೆ ಒಂದೊಂದು ಬೆಟ್ಟದ ನೆತ್ತಿಯಲ್ಲಿ, ಒಂದೊಂದು ತೊರೆಯಲ್ಲಿ ಲಕ್ಷಾಂತರ ವರ್ಷ ಪ್ರತ್ಯೇಕವಾಗಿ ಉಳಿದ ಗುಂಪುಗಳು ನೋಡಲು ಒಂದೇ ರೀತಿ ಇದ್ದರೂ ಒಳಗೊಳಗೆ ಬೇರೆಯಾಗಿರುತ್ತವೆ. ಆದ್ದರಿಂದ ನಿಮ್ಮ ಗೆಳೆಯರ ಊಹೆಯನ್ನು ನಾನು ತಳ್ಳಿಹಾಕುತ್ತಿಲ್ಲ, ಅವರ ಅವಸರವನ್ನು ಮಾತ್ರ ಒಪ್ಪುತ್ತಿಲ್ಲ.

ಸ್ಪಿರಿಟ್‌ನಲ್ಲಿ ಹಾಕಿಡುವ ಸಲಹೆಯಂತೂ ಖಂಡಿತ ಬೇಡ. ಅರಣ್ಯ ಪ್ರದೇಶದಿಂದ ಅನುಮತಿಯಿಲ್ಲದೆ ಪ್ರಾಣಿಯನ್ನು ಹಿಡಿದು ಕೊಲ್ಲುವುದು ಅಪರಾಧ, ಸ್ವಂತ ಜಮೀನು ಎಂಬುದು ಕಾಡುಪ್ರಾಣಿಯ ವಿಷಯದಲ್ಲಿ ರಕ್ಷಣೆಯಾಗುವುದಿಲ್ಲ. ಕಾನೂನಿನ ಮಾತು ಹಾಗಿರಲಿ, ಹಾಗೆ ಇಟ್ಟ ಕಪ್ಪೆ ವಿಜ್ಞಾನಕ್ಕೂ ಹೆಚ್ಚು ಉಪಯೋಗವಿಲ್ಲ. ಪರಿಣತರು ಮೊದಲು ಡಿಎನ್‌ಎಗಾಗಿ ಸ್ವಲ್ಪ ಅಂಗಾಂಶವನ್ನು ಶುದ್ಧ ಎಥನಾಲಿನಲ್ಲಿ ತೆಗೆದಿಟ್ಟು, ಆಮೇಲೆ ದೇಹವನ್ನು ಫಾರ್ಮಲಿನ್‌ನಲ್ಲಿ ಬೆರಳುಗಳು ಬಿಡಿಸಿಕೊಂಡಿರುವಂತೆ ಗಟ್ಟಿ ಮಾಡುತ್ತಾರೆ, ಏಕೆಂದರೆ ಫಾರ್ಮಲಿನ್ ಡಿಎನ್‌ಎಯನ್ನು ಹಾಳುಮಾಡುತ್ತದೆ. ಹಾರ್ಡ್‌ವೇರ್ ಅಂಗಡಿಯ ಸ್ಪಿರಿಟ್‌ನಲ್ಲಿ ಮುದುಡಿ ಕುಳಿತ ಕಪ್ಪೆಯಿಂದ ಅಳತೆಯೂ ಸರಿಯಾಗಿ ಸಿಗದು, ಡಿಎನ್‌ಎಯೂ ಸಿಗುವ ಭರವಸೆಯಿಲ್ಲ. ಕಾಲ್ಬೆರಳ ತುಂಡನ್ನು ಖಾಸಗಿ ಪ್ರಯೋಗಾಲಯಕ್ಕೆ ಕಳಿಸುವ ದಾರಿಯನ್ನೂ ಕೆಲವರು ಹೇಳುತ್ತಾರೆ. ದೇಹವೇ ಇಲ್ಲದ ಡಿಎನ್‌ಎ ಫಲಿತಾಂಶ, ಮಾಲೀಕನಿಲ್ಲದ ಸಹಿಯಂತೆ. ವಿದೇಶಕ್ಕೆ ಕಳಿಸುವುದಾದರೆ ಜೀವವೈವಿಧ್ಯ ಕಾಯ್ದೆ 2002ರ ಅಡಿಯಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು, ಅದಿಲ್ಲದೆ ಕಳಿಸಿದರೆ ನೀವೇ ಸಿಕ್ಕಿಬೀಳುತ್ತೀರಿ. ಹೊಸ ಪ್ರಭೇದ ಕಂಡುಹಿಡಿದವರು ಅದರ ಮಾದರಿಯನ್ನು ಗೊತ್ತುಪಡಿಸಿದ ಸಂಸ್ಥೆಯಲ್ಲಿ ಒಪ್ಪಿಸಬೇಕೆಂದು ಅದೇ ಕಾಯ್ದೆಯ 39ನೇ ಕಲಮು ಹೇಳುತ್ತದೆ.

ಎಲ್ಲರೂ ನೋಡುವಂತೆ ಫೋಟೊ ಹಾಕುವುದು ಇನ್ನೊಂದು ದಾರಿ. ಅದರಿಂದ ಬೇರೆ ಬೇರೆ ಊರಿನ ತಿಳಿದವರ ಕಣ್ಣಿಗೆ ಬೀಳುತ್ತದೆ, ನಿಮ್ಮ ಹೆಸರಿನಲ್ಲಿ ದಿನಾಂಕಸಹಿತ ದಾಖಲೆಯೂ ಉಳಿಯುತ್ತದೆ. ಅಪಾಯ ಒಂದೇ, ನಿಖರ ಜಾಗ ಬಯಲಾದರೆ ಕ್ಯಾಮೆರಾ ಹಿಡಿದವರು ಹಳ್ಳಕ್ಕೆ ಬಂದು ಕಲ್ಲುಗಳನ್ನೆಲ್ಲ ಮಗುಚುತ್ತಾರೆ. ಜಾಗವನ್ನು ಮರೆಮಾಡುವ ಆಯ್ಕೆಯಿರುವಲ್ಲಿ ಮಾತ್ರ ಹಾಕಿ. ನಾನು ಸೂಚಿಸುವುದು, ಅನುಮತಿ ಪಡೆದು ಕೆಲಸ ಮಾಡುವ ಸಂಶೋಧಕರಿಗೆ ನೇರವಾಗಿ ಬರೆಯುವುದನ್ನು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ, ಕೋಯಿಕ್ಕೋಡಿನಲ್ಲಿರುವ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಪಶ್ಚಿಮಘಟ್ಟ ಕೇಂದ್ರ, ಇವುಗಳಲ್ಲಿ ಯಾವುದಕ್ಕೆ ಬರೆದರೂ ಸರಿಯಾದವರ ಕೈಗೆ ತಲುಪುತ್ತದೆ. ಇದರಲ್ಲಿಯೂ ತೊಡಕಿದೆ: ಕೆಲಸ ನಿಧಾನ, ಎರಡು ಮೂರು ವರ್ಷ ಸುದ್ದಿಯಿಲ್ಲದೆ ಹೋಗಬಹುದು, ಕೊನೆಗೆ ಮೊದಲು ನೋಡಿದವರ ಹೆಸರೇ ಬಿಟ್ಟುಹೋದ ಉದಾಹರಣೆಗಳನ್ನು ನಾನು ಬಲ್ಲೆ. ಆರಂಭದಲ್ಲಿಯೇ, ಲೇಖನದಲ್ಲಿ ನಿಮ್ಮ ಪಾತ್ರವೇನು ಎಂಬುದನ್ನು ಇಮೇಲಿನಲ್ಲಿ ಕೇಳಿ ಬರೆಸಿಕೊಳ್ಳಿ. ಇದರಲ್ಲಿ ಸಂಕೋಚ ಬೇಡ, ಒಳ್ಳೆಯ ಸಂಶೋಧಕರು ಅದನ್ನು ತಪ್ಪು ತಿಳಿಯುವುದಿಲ್ಲ.

ಅಜ್ಜಿಯ ಹೆಸರಿನ ಬಗ್ಗೆ: ಹೆಸರಿಡುವ ಹಕ್ಕು ನೋಡಿದವರದಲ್ಲ, ಅಂತರರಾಷ್ಟ್ರೀಯ ಪ್ರಾಣಿ ನಾಮಕರಣ ಸಂಹಿತೆಯ ಪ್ರಕಾರ ವರ್ಣನೆಯನ್ನು ಪ್ರಕಟಿಸಿದವರದು. ಆ ಪ್ರಕಟಣೆಯಲ್ಲಿ ಹೋಲೋಟೈಪ್, ಅಂದರೆ ಆ ಹೆಸರಿಗೆ ಎಂದೆಂದಿಗೂ ಅಂಟಿಕೊಂಡಿರುವ ಮಾದರಿ ಯಾವುದು, ಎಲ್ಲಿದೆ ಎಂದು ಹೇಳಿರಬೇಕು. ಪತ್ರಿಕೆಯ ಸುದ್ದಿಯಲ್ಲಿ ಬಂದ ಹೆಸರಿಗೆ ಬೆಲೆಯಿಲ್ಲ. ನೀವು ಸಹಲೇಖಕರಾದರೆ ಹೆಸರು ಸೂಚಿಸಬಹುದು, ವ್ಯಕ್ತಿಯ ಹೆಸರಿಡಲು ಸಂಹಿತೆಯ ಅಡ್ಡಿಯಿಲ್ಲ, ತನ್ನ ಹೆಸರನ್ನೇ ಇಟ್ಟುಕೊಳ್ಳುವುದು ಮಾತ್ರ ಸಂಪ್ರದಾಯಕ್ಕೆ ಸಲ್ಲದು. ಇತ್ತೀಚೆಗೆ ನಮ್ಮ ಕಪ್ಪೆಗಳಿಗೆ ನಮ್ಮ ಮಾತುಗಳೇ ಹೆಸರಾಗಿ ಬರುತ್ತಿವೆ. ಮೊಟ್ಟೆಗಳಿಗೆ ಮಣ್ಣು ಮೆತ್ತುವ ನಿಕ್ಟಿಬಟ್ರಾಕಸ್ ಕುಂಬಾರ 2014ರದು, ಮಂಗಳೂರಿನ ಮೈಕ್ರೊಹೈಲಾ ಕೊಡಿಯಾಲ್ 2018ರದು.

ತಂದೆಯವರಿಗೆ ಹೀಗೆ ತಿಳಿಸಿ. ಪ್ರಭೇದವೊಂದು ವೈಜ್ಞಾನಿಕವಾಗಿ ಪ್ರಕಟವಾದ ಮಾತ್ರಕ್ಕೆ ಜಮೀನಿನ ಪಹಣಿಯಲ್ಲಿ ಏನೂ ಬದಲಾಗುವುದಿಲ್ಲ. ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಗಳು ಗ್ರಾಮಗಳ ಪಟ್ಟಿಯನ್ನು ಆಧರಿಸಿವೆ, ಒಂದು ತೋಟದ ಒಂದು ಕಪ್ಪೆಯನ್ನಲ್ಲ. ಮಂಗಳೂರಿನ ಆ ಕಪ್ಪೆ ಸಿಕ್ಕಿದ್ದು ಕೈಗಾರಿಕಾ ಪ್ರದೇಶದಲ್ಲಿ. ಆದರೂ ಅವರ ಅಳುಕನ್ನು ಗೌರವಿಸಬೇಕು: ತೋಟದ ಹೆಸರು, ನಿಖರ ಜಾಗ ಪ್ರಕಟವಾಗಬಾರದು ಎಂಬ ಷರತ್ತನ್ನು ಸಂಶೋಧಕರಿಗೆ ಮೊದಲೇ ಹಾಕಬಹುದು, ಊರಿನ ಮಟ್ಟದ ಹೆಸರಷ್ಟೇ ಸಾಕಾಗುತ್ತದೆ.

ಈ ಮುಂಗಾರಿನಲ್ಲಿ ನಿಮ್ಮಿಂದ ನನಗೆ ಬೇಕಾದದ್ದು ಇಷ್ಟು. ನಿಮ್ಮ ಜಮೀನಿನೊಳಗೆ ಕಪ್ಪೆ ಕಂಡಾಗ ತೇವದ ಪಾರದರ್ಶಕ ಡಬ್ಬಿಯನ್ನು ಅದರ ಮೇಲೆ ಬೋರಲಿಟ್ಟು, ಅಡಿಗೆ ಪಾರದರ್ಶಕ ಹಾಳೆ ತೂರಿಸಿ, ಒಂದೆರಡು ನಿಮಿಷದಲ್ಲಿ ಕೆಳಗಿನಿಂದ ಹೊಟ್ಟೆ, ಅಂಗೈ, ಅಂಗಾಲುಗಳ ಫೋಟೊ ತೆಗೆದು ಅಲ್ಲಿಯೇ ಬಿಟ್ಟುಬಿಡಿ. ಪಕ್ಕದಿಂದ ಕಣ್ಣು ಮತ್ತು ಅದರ ಹಿಂಭಾಗ ಕಾಣುವ ಒಂದು ಫೋಟೊ ಇರಲಿ, ಎಲ್ಲದರಲ್ಲೂ ಸ್ಕೇಲ್ ಕಾಣಲಿ. ನೆಲಗಪ್ಪೆ ಮುಟ್ಟಿದರೆ ನರುಲಿ ಏಳುವುದಿಲ್ಲ, ಆದರೆ ಅದರ ಚರ್ಮದ ವಿಷ ಕಣ್ಣಿಗೆ ಉರಿ ತರುವುದರಿಂದ ಕೈ ತೊಳೆದುಕೊಳ್ಳಿ. ಬೇರೆ ಹಳ್ಳಕ್ಕೆ ಹೋಗುವುದಿದ್ದರೆ ಬೂಟು ತೊಳೆದು ಒಣಗಿಸಿ, ಕಪ್ಪೆಗಳ ಚರ್ಮಕ್ಕೆ ತಗಲುವ ಶಿಲೀಂಧ್ರ ರೋಗ ನಮ್ಮ ಘಟ್ಟದಲ್ಲಿಯೂ ಇದೆ. ರಾತ್ರಿ ಏಳರ ನಂತರ ಮಳೆ ಹೊಳವಾದಾಗ ಹಳ್ಳದ ಬದಿಯಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತು ಮೊಬೈಲಿನಲ್ಲಿಯೇ ಧ್ವನಿಮುದ್ರಣ ಮಾಡಿ, ಉಂಬಳಗಳ ಕಾಟಕ್ಕೆ ಸುಣ್ಣವೋ ಹೊಗೆಸೊಪ್ಪೋ ನಿಮಗೆ ಗೊತ್ತಿದ್ದೇ ಇದೆ. ಕೂಗುತ್ತಿರುವ ಎರಡೂವರೆ ಸೆಂಟಿಮೀಟರಿನ ನೆಲಗಪ್ಪೆಯ ಹತ್ತು ಸೆಕೆಂಡಿನ ವಿಡಿಯೊ ಸಿಕ್ಕಿತೆಂದರೆ ಅದೇ ರಾತ್ರಿ ಕಳಿಸಿ, ಬೆಳಗಾಗುವವರೆಗೆ ಕಾಯಬೇಡಿ.